ನೂರ ನಲವತ್ತು ಗ್ರಾಂ

ಜನವರಿ 9, ಸಂಜೆ 6:30

ಗಾಳಿ ಕೋಣೆಯಲ್ಲಿ ಹದಿನಾಲ್ಕನೇ ಸಲ. ಗಂಟೆಗೆ ಅರವತ್ತು ಕಿಲೋಮೀಟರ್ ಗಾಳಿ. ಪಂಜಿನ ಉರಿ ಬಾಗಿತು, ಚಪ್ಪಟೆಯಾಯಿತು, ಆರಲಿಲ್ಲ. ಗ್ಯಾಸ್ ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಇಪ್ಪತ್ತು ವರ್ಷದಿಂದ ಬರ್ನರ್ ಮಾಡುತ್ತಿರುವ ಮನುಷ್ಯ, ಖುಷಿಯಾದರೆ ಅಷ್ಟೇ ಮಾಡೋದು. ನಾಳೆ ಮಳೆ ಪರೀಕ್ಷೆ. ಮುಂದಿನ ವಾರ ಎತ್ತರದಿಂದ ಬೀಳಿಸುವ ಪರೀಕ್ಷೆ.

ಡೈರೆಕ್ಟರು ಪಂಜು ಎತ್ತಿ ಹಿಡಿದು ಕನ್ನಡಿ ಮುಂದೆ ನಿಂತರು. "ನಾನೇ ಓಡಿಬಿಡೋಣ ಅನ್ನಿಸುತ್ತೆ ಕಣ್ರೀ" ಅಂದರು. ಆ ಹೊಟ್ಟೆ ಹೊತ್ತುಕೊಂಡು! ಈ ಕ್ರೀಡಾಕೂಟದ ಪಂಜಿನ ಡಿಸೈನ್ ನಮ್ಮ ಆಫೀಸಿಗೆ ಸಿಕ್ಕಿದಾಗಿನಿಂದ ಅವರಿಗೆ ನೆಲ ಕಾಣುತ್ತಿಲ್ಲ. ಎರಡು ಸಾವಿರದ ಎಂಟುನೂರು ಜನ. ಒಬ್ಬೊಬ್ಬರಿಗೆ ಒಂದೊಂದು ಪಂಜು, ಇನ್ನೂರು ಮೀಟರ್. ತಮ್ಮ ಉರಿಯಿಂದ ಮುಂದಿನವರ ಪಂಜು ಹೊತ್ತಿಸಿದರೆ ಮುಗಿಯಿತು. ಒಂದು ಪಂಜು ಉರಿಯುವುದು ಒಂದೇ ಸಲ. ಆಮೇಲೆ ಸಿಲಿಂಡರ್ ಬಿಚ್ಚಿಕೊಂಡು ಪಂಜನ್ನು ಹಿಡಿದವರಿಗೇ ಕೊಟ್ಟುಬಿಡುತ್ತಾರೆ, ನೆನಪಿಗೆ.

ಮನೆಗೆ ಬಂದರೆ ಅಕ್ಕ ಮುಖ ಗಂಟು ಹಾಕಿಕೊಂಡು ಕೂತಿದ್ದಾಳೆ. "ನನ್ನ ಹಳೇ ಸ್ಟೂಡೆಂಟ್ಸ್‌ಗೆ ಬೇರೆ ಕೆಲಸ ಇಲ್ವೇನೋ? ನಿಮ್ಮ ಪಂಜು ಹಿಡಿಯೋಕೆ ನನ್ನ ಹೆಸರು ಕೊಟ್ಟಿದ್ರಂತೆ. ಸೆಲೆಕ್ಟೂ ಆಗಿದೆಯಂತೆ." ಬೈಯುತ್ತಲೇ ಪತ್ರವನ್ನು ನನ್ನಿಂದ ಎರಡು ಸಲ ಓದಿಸಿದಳು.

ಜನವರಿ 10, ಬೆಳಿಗ್ಗೆ

ನಿದ್ದೆ ಸರಿ ಬರಲಿಲ್ಲ. ಅಕ್ಕನ ಎಡಗೈಯಲ್ಲಿ ಊರುಗೋಲು. ಅದನ್ನು ಬಿಟ್ಟರೆ ನಿಲ್ಲೋಕಾಗಲ್ಲ. ಅಂದರೆ ಪಂಜು ಬಲಗೈಗೇ ಬರಬೇಕು. ಸ್ಟ್ರೋಕ್ ಆಗಿದ್ದು ಆ ಕಡೆಗೇ. ಎರಡು ವರ್ಷದ ಹಿಂದೆ, ಸ್ಕೂಲಿನ ಮೈದಾನದಲ್ಲಿ, ಬಾಯಲ್ಲಿ ಸೀಟಿ ಇಟ್ಟುಕೊಂಡೇ ಬಿದ್ದಳು. ಮೂವತ್ತೊಂದು ವರ್ಷ ಪಿ.ಟಿ. ಟೀಚರ್. ಈಗ ಆ ಕೈ ಕಾಫಿ ಲೋಟ ಹಿಡಿದರೆ ನಾನು ಉಸಿರು ಬಿಗಿಹಿಡಿಯುತ್ತೇನೆ.

ಪಂಜಿನ ತೂಕ 1,150 ಗ್ರಾಂ.

ಜನವರಿ 14, ಭಾನುವಾರ

ಬಾಟಲಿಗೆ ಮರಳು ತುಂಬಿ ಕೊಟ್ಟೆ. "ಫಿಸಿಯೋ ಹೇಳಿದ್ದಾರೆ, ದಿನಾ ಹಿಡ್ಕೋಬೇಕಂತೆ" ಅಂದೆ. ಸುಳ್ಳು. ಕುರ್ಚಿಯಲ್ಲಿ ಕೂರಿಸಿದೆ, ಮೊಣಕೈ ಮಡಿಸಿ ಎತ್ತಿ ಹಿಡಿದಳು. ನಾನು ಗಡಿಯಾರ ನೋಡುತ್ತಿದ್ದೆ.

ಒಂಬೈನೂರು ಗ್ರಾಂ — ಹತ್ತು ನಿಮಿಷ. ಸಾವಿರ — ಹತ್ತು ನಿಮಿಷ, ಕೊನೆಗೆ ಬೆರಳು ಬೆಳ್ಳಗಾದವು. ಸಾವಿರದ ನೂರೈವತ್ತು — ಮೂರನೇ ನಿಮಿಷಕ್ಕೆ ಭುಜ ಇಳಿಯಿತು, ಬಾಟಲಿ ವಾಲಿತು. ಉರಿಯುವ ಪಂಜು ಹಾಗೆ ವಾಲಿದರೆ ಕೂದಲಿಗೇ.

"ಇನ್ನೊಂದು ಸಲ ಕೊಡು" ಅಂದಳು. ಕೊಡಲಿಲ್ಲ. "ನೀನೇನೋ ನನ್ನ ಮೇಲೆ ಪ್ರಯೋಗ ಮಾಡ್ತಿದೀಯಾ" ಅಂದಳು. ನಕ್ಕೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ.

ಹೇಳಿದರೆ ಮುಗೀತು. ಕನಿಕರ ಅಂದರೆ ಅವಳಿಗೆ ಮೈ ಉರಿಯುತ್ತೆ. ಆಸ್ಪತ್ರೆಯಲ್ಲಿ "ಪಾಪ" ಅಂದ ನರ್ಸನ್ನು ಆ ವಾರವಿಡೀ ಮಾತಾಡಿಸಲಿಲ್ಲ.

ಜನವರಿ 31, ಮಧ್ಯಾಹ್ನ 3

ಆಯಿತು. 1,010 ಗ್ರಾಂ.

ಲೋಹದಲ್ಲಿ ತೆಗೆಯೋಕೆ ಏನೂ ಉಳಿದಿರಲಿಲ್ಲ. ಉಳಿದದ್ದು ಸಿಲಿಂಡರ್. ಹನ್ನೆರಡು ನಿಮಿಷದ ಗ್ಯಾಸ್ ಹಾಕಿದ್ದೆವು. ಕ್ರೀಡಾಕೂಟ ಸಮಿತಿಯ ನಿಯಮ — ಎಂಟು ನಿಮಿಷಕ್ಕೆ ಕಡಿಮೆ ಇರಬಾರದು, ಅಷ್ಟೇ. ಎಂಟಕ್ಕೆ ಇಳಿಸಿದೆ. ಸಣ್ಣ ಸಿಲಿಂಡರ್, ಸಣ್ಣ ಗೂಡು, ತೆಳು ಹಿಡಿ. ಒಟ್ಟು ನೂರ ನಲವತ್ತು ಗ್ರಾಂ ಹೋಯಿತು.

ಮೀಟಿಂಗಿನಲ್ಲಿ ಗ್ಯಾಸ್ ಮೇಷ್ಟ್ರು ಮಾತ್ರ ತಲೆ ಕೆರೆದುಕೊಂಡರು. "ಸ್ವಲ್ಪ ಕೈ ಬಿಗಿ ಆಯ್ತಲ್ವಾ ಸಾರ್? ನಾಲ್ಕು ನಿಮಿಷ ಜಾಸ್ತಿ ಇದ್ರೆ ಏನು ನಷ್ಟ?"

"ಇನ್ನೂರು ಮೀಟರಿಗೆ ಎಂಟು ನಿಮಿಷ ಯಾರಿಗೆ ಸಾಲಲ್ಲ ಮೇಷ್ಟ್ರೇ?" ಅಂದೆ. ವಯಸ್ಸಾದವರು, ಮಕ್ಕಳು, ಸೋತ ಕೈಯವರು ಎಲ್ಲರೂ ಹಿಡಿಯುವಂಥ ಪಂಜು ಅಂತ ಭಾಷಣ ಮಾಡಿದೆ. ಡೈರೆಕ್ಟರು ಅದನ್ನೇ ಬರೆದುಕೊಂಡರು, ಪತ್ರಿಕೆಯವರಿಗೆ ಹೇಳೋಕೆ. ಎಲ್ಲರೂ ಹೊಗಳಿದರು. ನಾನೂ ಹಿಗ್ಗಿದೆ, ಸುಳ್ಳು ಯಾಕೆ ಹೇಳಲಿ.

ಮಾರ್ಚ್ 4

ಹೊಸ ಪಂಜನ್ನು ಬೀಳಿಸಿದ್ದೂ ಪಾಸ್. ಮಳೆಯೂ ಪಾಸ್. ಉರಿ ನಿಲ್ಲುವುದು ಎಂಟು ನಿಮಿಷ ಹತ್ತು ಸೆಕೆಂಡ್. ಐವತ್ತು ಪಂಜು ಉರಿಸಿದೆವು, ಎರಡು ಸೆಕೆಂಡ್ ಆಚೀಚೆ ಇಲ್ಲ. ಗ್ಯಾಸ್ ಮೇಷ್ಟ್ರ ಕನ್ನಡಕ ಮತ್ತೆ ಕೆಳಗಿಳಿಯಿತು.

ಅಕ್ಕ ಸಾವಿರ ಗ್ರಾಂ ಹದಿನೈದು ನಿಮಿಷ ಹಿಡಿದಳು. ಕೂತೇ.

ಏಪ್ರಿಲ್ 20, ಸಂಜೆ

ಎರಡು ಸಾವಿರದ ಎಂಟುನೂರೂ ತಯಾರಾಗಿವೆ. ಗೋದಾಮಿನಲ್ಲಿ ಪೆಟ್ಟಿಗೆ ಮೇಲೆ ಪೆಟ್ಟಿಗೆ. ಮುಟ್ಟಿ ನೋಡಿಕೊಂಡು ಬಂದೆ.

ಅಕ್ಕನಿಗೆ ಸೂಚನೆಯ ಹಾಳೆ ಬಂತು. ನಂಬರ್ 1,917. ಜೂನ್ 24, ಬೆಳಿಗ್ಗೆ. ಅವಳ ಸ್ಕೂಲಿನ ಮುಂದಿನ ರಸ್ತೆಯೇ. ಹಾಳೆಯನ್ನು ಪೂರ್ತಿ ಓದಿ, ಕನ್ನಡಕದ ಮೇಲಿಂದ ನೋಡಿದಳು.

"ಎಂಟು ನಿಮಿಷ ಉರಿಯುತ್ತಾ?"

"ಹ್ಞೂಂ."

"ಸರಿ ಹಾಗಾದ್ರೆ, ಒಂದ್ಸಲ ನಡೆದು ನೋಡೋಣ. ಟೈಮ್ ಹಿಡೀಬೇಕು."

ಪಿ.ಟಿ. ಟೀಚರ್ ಬುದ್ಧಿ ಎಲ್ಲಿಗೆ ಹೋಗುತ್ತೆ ಅಂದುಕೊಂಡೆ. ಅಡುಗೆಮನೆಗೆ ಹೋದೆ, ಟೀ ಇಟ್ಟೆ.

ಮೇ 6, ಭಾನುವಾರ, ಬೆಳಿಗ್ಗೆ 9

ಮೈದಾನಕ್ಕೆ ಹೋಗಿದ್ದೆವು. ಸುಣ್ಣದ ಗೆರೆ ಅಳಿಸಿಹೋಗಿತ್ತು, ಟೇಪ್ ಹಿಡಿದು ಇನ್ನೂರು ಮೀಟರ್ ಗುರುತು ಮಾಡಿದೆ. ಅಕ್ಕ ತನ್ನ ಹಳೇ ಸ್ಟಾಪ್‌ವಾಚ್ ನನ್ನ ಕೈಗಿಟ್ಟಳು. ಬಲಗೈಯಲ್ಲಿ ಬಾಟಲಿ, ಎಡಗೈಯಲ್ಲಿ ಕೋಲು. ಕೋಲು ಮುಂದೆ. ಎಡಗಾಲು. ನಿಲ್ಲು. ಬಲಗಾಲನ್ನು ಎಳೆದುಕೊಂಡು ಬಾ. ನಿಲ್ಲು.

ಎಂಟು ನಿಮಿಷ ಹತ್ತು ಸೆಕೆಂಡ್ ಆದಾಗ ಇನ್ನೂ ಅರವತ್ತು ಮೀಟರ್ ಇತ್ತು.

ಮುಗಿಸಿದ್ದು ಹನ್ನೊಂದು ನಿಮಿಷ ನಲವತ್ತಕ್ಕೆ.

ಬಾಟಲಿ ಅಲುಗಾಡಲಿಲ್ಲ. ಕೈ ಕಲ್ಲಿನ ಹಾಗೆ ನಿಂತಿತ್ತು. ಕೈ! ನಾಲ್ಕು ತಿಂಗಳು ಕೈಯನ್ನೇ ಅಳೆದೆ. ಕೂರಿಸಿಕೊಂಡು ಅಳೆದೆ. ಒಂದೇ ಮನೆಯಲ್ಲಿ ಇದ್ದು, ಹಾಸಿಗೆಯಿಂದ ಬಚ್ಚಲಿಗೆ ಅವಳು ಹೇಗೆ ಹೋಗುತ್ತಾಳೆ ಅಂತ ದಿನಾ ನೋಡಿ, ಕಾಲಿನ ಲೆಕ್ಕವೇ ಹಾಕಲಿಲ್ಲ. ಯಾಕೆ? ಯಾಕೆಂದರೆ ಅಕ್ಕ ಅಂದರೆ ನನ್ನ ತಲೆಯಲ್ಲಿ ಇನ್ನೂರು ಮೀಟರನ್ನು ಇಪ್ಪತ್ತಾರು ಸೆಕೆಂಡಿಗೆ ಓಡಿದವಳು. ಚಿಕ್ಕವನಿದ್ದಾಗ ಸ್ಕೂಲಿಗೆ ಹೋಗುವಾಗ ಅವಳ ಹಿಂದೆ ಏದುಸಿರು ಬಿಟ್ಟುಕೊಂಡು ಓಡುತ್ತಿದ್ದವನು ನಾನು. ಅಕ್ಕ ನಿಧಾನ ಅನ್ನುವುದು ನನಗೆ ಗೊತ್ತಿದೆ, ಆದರೆ ನಾನು ನಂಬಿಲ್ಲ.

ಹನ್ನೆರಡು ನಿಮಿಷ ಇದ್ದಿದ್ದರೆ ಇವತ್ತೇ ಸಾಕಾಗುತ್ತಿತ್ತು.

ಅವಳು ಬೆವರು ಒರೆಸಿಕೊಂಡು, "ಟೈಮ್ ಹೇಳು" ಅಂದಳು. ಹೇಳಿದೆ. "ಥೂ, ಆಮೆ" ಅಂದಳು, ತನಗೇ. ಆಮೇಲೆ ನನ್ನ ಮುಖ ನೋಡಿ, "ನಿನಗ್ಯಾಕೋ ಸಂಕಟ? ಏಳು ವಾರ ಇದೆ."

ಮೇ 8

ಗ್ಯಾಸ್ ಮೇಷ್ಟ್ರ ಹತ್ತಿರ ಹೋದೆ. ನಂಬರ್ 1,917ಕ್ಕೆ ಮಾತ್ರ ಸ್ವಲ್ಪ ಜಾಸ್ತಿ ತುಂಬಿಸೋಕಾಗುತ್ತಾ ಅಂತ ಕೇಳಿದೆ.

"ಸಾರ್, ಅದು ಪಂಜಲ್ಲ, ಬಾಂಬ್ ಆಗುತ್ತೆ."

ದೊಡ್ಡ ಸಿಲಿಂಡರ್? ಹಿಡಿಯೊಳಗೆ ಕೂರಲ್ಲ. ಅಷ್ಟು ತೆಳ್ಳಗೆ ಕೊರೆಸಿದ್ದು ನಾನೇ. ಹಳೇ ಅಳತೆಯ ಹಿಡಿ ಒಂದಾದರೂ ಉಳಿದಿದೆಯಾ ಅಂತ ಹುಡುಕಿದೆ. ಅಚ್ಚೂ ಕರಗಿಸಿಬಿಟ್ಟಿದ್ದಾರೆ.

ಮೇಷ್ಟ್ರು ನನ್ನನ್ನೇ ನೋಡಿದರು. "ಅಕ್ಕಾವ್ರಿಗೋಸ್ಕರ ಅಲ್ವಾ ಸಾರ್, ತೂಕ ಇಳಿಸಿದ್ದು?" ತಲೆ ಆಡಿಸಿದೆ. ಅವರು ಬರ್ನರ್ ಕಡೆ ತಿರುಗಿಕೊಂಡರು. ಅವರು ಬೈದಿದ್ದರೆ ಚೆನ್ನಾಗಿತ್ತು.

ಮೇ 9, ಸಂಜೆ 7

ಸಮಿತಿಗೆ ಫೋನ್ ಮಾಡಿ, ಆರೋಗ್ಯ ಸರಿ ಇಲ್ಲದವರಿಗೆ ನೂರೇ ಮೀಟರ್ ಕೊಡೋಕಾಗುತ್ತಾ ಅಂತ ಕೇಳಿದ್ದೆ. ಧಾರಾಳವಾಗಿ ಕೊಡ್ತೀವಿ ಅಂದರು. ಆ ಪುಣ್ಯಾತ್ಮರು ನೇರವಾಗಿ ಅಕ್ಕನಿಗೇ ಫೋನ್ ಮಾಡಿ ತಿಳಿಸಿದ್ದಾರೆ.

"ನೀನಾ ಕೇಳಿದ್ದು?"

"ಹ್ಞೂಂ."

"ನನ್ನ ಕ್ಲಾಸಲ್ಲಿ ಯಾರಿಗಾದ್ರೂ ಗೆರೆ ಹತ್ತಿರ ಎಳೆದು ಕೊಟ್ಟಿದೀನಾ? ಇನ್ನೂರು ಅಂದ್ರೆ ಇನ್ನೂರು. ನೆಪ ಹೇಳೋ ಮಕ್ಕಳಿಗೆ ನಾನು ಹೇಳ್ತಿದ್ದುದೇನು?"

"ನೆಪ ಬೇಡ, ಟೈಮ್ ಹೇಳು ಅಂತ."

"ಗೊತ್ತಿದ್ದೂ ಮಾಡಿದೀಯ."

ಆ ಹೊತ್ತಿನಲ್ಲಿ ಹೇಳಬಹುದಿತ್ತು. ಬಾಯಿವರೆಗೂ ಬಂತು. ನಿನ್ನ ಕೈ ಸೋತಿದೆ ಅಂತ ಗ್ಯಾಸ್ ಕಡಿಮೆ ಮಾಡಿದೆ, ಈಗ ನಿನ್ನ ಕಾಲೂ ಸೋತಿದೆ ಅಂತ ದಾರಿ ಕಡಿಮೆ ಮಾಡಿಸುತ್ತಿದ್ದೇನೆ — ಹೀಗೆ ಹೇಳೋದಾ? ನುಂಗಿಕೊಂಡೆ.

ಮೇ 20

ಇನ್ನೂರು ಮೀಟರಿಗೆ 10:25.

ಮೇ 27

9:50. ಮೊಣಕಾಲು ಊದಿದೆ. ಬಿಸಿನೀರು ಕಾಸಿಕೊಟ್ಟೆ. "ಊದ್ಲಿ ಬಿಡು, ಇರೋದು ಯಾತಕ್ಕೆ" ಅಂದಳು.

ಜೂನ್ 3

9:05. ಕಾಲನ್ನು ಎಳೆಯುವ ಬದಲು ಸೊಂಟದಿಂದ ಬೀಸುವುದು ಕಂಡುಹಿಡಿದಿದ್ದಾಳೆ. ತಾನೇ ಕೋಚು, ತಾನೇ ಶಿಷ್ಯೆ. ನಡೆಯುತ್ತಾ ತನ್ನನ್ನೇ ಬೈದುಕೊಳ್ಳುತ್ತಾಳೆ — "ಏ ಮುದುಕಿ, ನಿದ್ದೆ ಮಾಡ್ತಿದೀಯಾ?" ಮೈದಾನದಲ್ಲಿ ವಾಕಿಂಗ್ ಬಂದವರು ನಿಂತು ನೋಡುತ್ತಾರೆ.

ಜೂನ್ 10, ಭಾನುವಾರ

8:31. ಬಾಟಲಿ ತೂಕ ಬೇರೆ ಅನ್ನಿಸಿ ಮನೆಗೆ ಬಂದು ತಕ್ಕಡಿಗೆ ಹಾಕಿದೆ. 1,200 ಗ್ರಾಂ.

"ನಾನೇ ಮರಳು ತುಂಬಿಸ್ಕೊಂಡೆ" ಅಂದಳು. "ಪ್ರಾಕ್ಟೀಸ್ ಭಾರದಲ್ಲಿ ಮಾಡಿದ್ರೆ ಆವತ್ತು ಹಗುರ ಅನ್ಸುತ್ತೆ. ಅಷ್ಟೂ ಗೊತ್ತಾಗಲ್ವಾ ನಿನಗೆ?"

ಒಂದು ತಿಂಗಳಿಂದ 1,200 ಹಿಡಿದೇ ನಡೆಯುತ್ತಿದ್ದಾಳಂತೆ. ನನ್ನ ಹಳೇ ಪಂಜು 1,150 ಇತ್ತು.

ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಐವತ್ತೊಂದು ವರ್ಷ ನನಗೆ. ಅವಳಿಗೆ ಇಷ್ಟು ಶಕ್ತಿ ಬರುತ್ತೆ ಅಂತ ನಾನು ನಂಬಲಿಲ್ಲ, ಅಷ್ಟೇ ವಿಷಯ. ಬೇಕಿರಲಿಲ್ಲ. ನೂರ ನಲವತ್ತು ಗ್ರಾಂ ಇಳಿಸುವುದು ಬೇಕೇ ಇರಲಿಲ್ಲ.

ಜೂನ್ 21

7:58!

ಅಕ್ಕ ಮೈದಾನದ ಮಧ್ಯೆ ನಿಂತು ಸೀಟಿ ಊದಿದಳು. ಬಾಯಿ ಓರೆ, ಸೀಟಿಯಲ್ಲಿ ಅರ್ಧ ಗಾಳಿಯೇ. ಆದರೂ ಊದಿದಳು. ಬರುವಾಗ ಐಸ್‌ಕ್ರೀಮ್ ತಿಂದೆವು. ಇನ್ನು ಹೇಳೋ ಅಗತ್ಯವೇ ಬರಲ್ಲ ಅನ್ನಿಸಿತು. ಹಾಗನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು. ಐಸ್‌ಕ್ರೀಮ್ ಮಾತ್ರ ಚೆನ್ನಾಗಿತ್ತು.

ಜೂನ್ 24, ಭಾನುವಾರ, ಮಧ್ಯಾಹ್ನ 2

ಬರೆದುಬಿಡಬೇಕು.

ನಾನು ಹಿಂದಿನ ಟೆಕ್ನಿಕಲ್ ವ್ಯಾನಿನಲ್ಲಿದ್ದೆ, ಗ್ಯಾಸ್ ಮೇಷ್ಟ್ರ ಪಕ್ಕ. 9:12ಕ್ಕೆ ಅವಳ ಪಂಜು ಹೊತ್ತಿತು. ಬಿಳಿ ಟೀ ಶರ್ಟ್, ಬಿಳಿ ಪ್ಯಾಂಟ್. ಮೊದಲ ಐವತ್ತು ಮೀಟರ್ ಚೆನ್ನಾಗಿ ಹೋಯಿತು. ಮೈದಾನದಲ್ಲಿ ಹೋದ ಹಾಗೆಯೇ.

ಆಮೇಲೆ ಸ್ಕೂಲ್ ಗೇಟು. ಅವಳ ಹಳೇ ಮಕ್ಕಳು. ತಲೆ ನೆರೆತವರು, ಬೊಜ್ಜು ಬಂದವರು, ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡವರು. ರಸ್ತೆಯ ಎರಡೂ ಕಡೆ ಸಾಲಾಗಿ ನಿಂತಿದ್ದರು. "ಮೇಡಂ! ಮೇಡಂ!" ಅವಳ ಎರಡೂ ಕೈ ಖಾಲಿ ಇಲ್ಲ. ಕೈ ಬೀಸೋಕಾಗಲ್ಲ. ಅದಕ್ಕೆ ಒಬ್ಬೊಬ್ಬರ ಮುಖ ನೋಡಿ ತಲೆ ಆಡಿಸಿದಳು. ಪ್ರತಿ ಸಲ ತಲೆ ಆಡಿಸುವಾಗ ಹೆಜ್ಜೆ ನಿಲ್ಲುತ್ತಿತ್ತು. ನನ್ನ ಕೈಯಲ್ಲಿ ಸ್ಟಾಪ್‌ವಾಚ್. "ನಡಿ ಅಕ್ಕ, ನಡಿ" ಅಂತ ವ್ಯಾನಿನೊಳಗೆ ಗೊಣಗುತ್ತಿದ್ದೆ. ಮೂವತ್ತೊಂದು ವರ್ಷ ಯಾರಿಗೂ ನಿಲ್ಲದವಳು ಇವತ್ತು ನಿಂತಳು.

ಎಂಟು ನಿಮಿಷ ಹತ್ತು ಸೆಕೆಂಡ್. ಸರಿಯಾಗಿ. ಉರಿ ಕುಗ್ಗಿ, ನೀಲಿಯಾಗಿ, ಹೋಯಿತು. ಹದಿನಾಲ್ಕು ಮೀಟರ್ ಉಳಿದಿತ್ತು.

ಮೂಲ ಉರಿಯ ಲಾಂದ್ರ ಹಿಡಿದು ಜೊತೆಗಿದ್ದ ರಕ್ಷಕ ಅದರಿಂದ ಇನ್ನೊಂದು ಪಂಜು ಹೊತ್ತಿಸಿ ಹತ್ತಿರ ತಂದ. ಅಕ್ಕ ಬೇಡ ಅಂತ ತಲೆ ಆಡಿಸಿದಳು. ಆರಿದ ಪಂಜನ್ನು ಎತ್ತಿ ಹಿಡಿದುಕೊಂಡೇ ಕೊನೆಯವರೆಗೆ ನಡೆದಳು. ಚಪ್ಪಾಳೆ ಹೊಡೆಯುತ್ತಿದ್ದವರು ಯಾವಾಗ ನಿಲ್ಲಿಸಬೇಕೋ ಗೊತ್ತಾಗದೆ ಒಬ್ಬೊಬ್ಬರಾಗಿ ನಿಲ್ಲಿಸಿದರು. ಮುಂದಿನ ಪಂಜಿನವರು ಒಬ್ಬ ಪೋಸ್ಟ್‌ಮ್ಯಾನ್. ಪಾಪ, ತಮ್ಮದನ್ನು ಮುಂದೆ ಚಾಚಿಕೊಂಡು ಕಾಯುತ್ತಿದ್ದರು. ಅಕ್ಕ ಅವರ ಮುಂದೆ ನಿಂತು, "ಕ್ಷಮಿಸಿ, ಕೊಡೋಕೆ ನನ್ನ ಹತ್ರ ಏನೂ ಇಲ್ಲ" ಅಂದಳು. ರಕ್ಷಕ ಹೊತ್ತಿಸಿದ. ಅವರು ಓಡಿದರು.

ಒಟ್ಟು 8:47.

ಗ್ಯಾಸ್ ಮೇಷ್ಟ್ರು ಕನ್ನಡಕ ತೆಗೆದರು. ಒರೆಸಲಿಲ್ಲ, ಜೇಬಿಗೆ ಹಾಕಿಕೊಂಡರು.

ಮನೆಯಲ್ಲಿ ಒಂದೇ ಮಾತು. "ಟೈಮ್ ಹೇಳು." ಹೇಳಿದೆ. "ಹ್ಞೂಂ" ಅಂದು ಗೋಡೆ ಕಡೆ ತಿರುಗಿ ಮಲಗಿದಳು.

ಜೂನ್ 26, ಸಂಜೆ 5

ಇಲ್ಲಿಯವರೆಗೆ ಹೊತ್ತಿಸಿದ ಎರಡು ಸಾವಿರಕ್ಕೂ ಹೆಚ್ಚು ಪಂಜುಗಳಲ್ಲಿ ಆರಿದ್ದು ಒಂದೇ. ಸಮಿತಿಗೆ ವರದಿ ಬೇಕಂತೆ. ಫಾರಂ ಕಳಿಸಿದ್ದಾರೆ. "ಆರಲು ಕಾರಣ" ಅಂತ ಒಂದು ಜಾಗ, ಎರಡು ಗೆರೆಯಷ್ಟು.

ಡೈರೆಕ್ಟರು ನನ್ನ ಭುಜದ ಮೇಲೆ ಕೈ ಇಟ್ಟರು. "ನಿಮ್ಮ ಅಕ್ಕ ಅಂತ ಗೊತ್ತು ಕಣ್ರೀ. ಹೆಸರು ಬೇಡ, ನಂಬರ್ ಸಾಕು. ನಿಗದಿತ ಸಮಯ ಮೀರಿತು ಅಂತ ಹಾಕಿ. ಸುಳ್ಳೇನಲ್ವಲ್ಲ?"

ಸುಳ್ಳಲ್ಲ. ಅಳಿಯ ಅಲ್ಲ, ಮಗಳ ಗಂಡ. ಬರೆದೆ — "ಉಪಕರಣದಲ್ಲಿ ದೋಷವಿಲ್ಲ. ಪಂಜು ಹಿಡಿದವರು ನಿಗದಿತ ಸಮಯ ಮೀರಿದರು." ಸಹಿ ಹಾಕಿದೆ. ಸಹಿ ಚೆನ್ನಾಗಿಯೇ ಬಂತು.

ಜೂನ್ 30, ಶನಿವಾರ

ಎರಡು ದಿನದಿಂದ ಅಕ್ಕ ಮೇಜಿನ ಮುಂದೆ. ಎಡಗೈಯಲ್ಲಿ ಪೆನ್ನು. ಹತ್ತಿರ ಹೋದರೆ ಹಾಳೆ ಮುಚ್ಚುತ್ತಿದ್ದಳು. ಇವತ್ತು ಕೊಟ್ಟಳು. ಒಂದನೇ ಕ್ಲಾಸಿನ ಮಗುವಿನ ಅಕ್ಷರ. ಇಲ್ಲಿ ಇಳಿಸಿಕೊಳ್ಳುತ್ತೇನೆ —

"ಸಮಿತಿಯವರಿಗೆ ನಮಸ್ಕಾರ. ನಂಬರ್ 1,917 ನಾನು. ನನ್ನ ನಿಧಾನದಿಂದ ಉರಿ ಆರಿತು. ದಾರಿಯಲ್ಲಿ ಪರಿಚಯದವರನ್ನು ನೋಡುತ್ತಾ ನಿಂತದ್ದು ನನ್ನ ತಪ್ಪು. ಪಂಜಿನ ತಪ್ಪಲ್ಲ. ಅದು ಬಹಳ ಚೆನ್ನಾಗಿತ್ತು. ನನ್ನ ಬಲಗೈಗೂ ಭಾರವಾಗಲಿಲ್ಲ. ಅದನ್ನು ಮಾಡಿದವರಿಗೆ ನನ್ನಿಂದ ಕೆಟ್ಟ ಹೆಸರು ಬರಬಾರದು. ಇಟ್ಟುಕೊಳ್ಳುವ ಹಕ್ಕು ನನಗಿಲ್ಲ, ಆದ್ದರಿಂದ ಪಂಜನ್ನು ವಾಪಸ್ ಕಳಿಸುತ್ತಿದ್ದೇನೆ."

"ಸೋಮವಾರ ಆಫೀಸಿಗೆ ಹೋಗುವಾಗ ಎರಡನ್ನೂ ತಗೊಂಡ್ಹೋಗು" ಅಂದಳು. ಪಂಜನ್ನು ಟವೆಲಿನಲ್ಲಿ ಸುತ್ತಿಟ್ಟಿದ್ದಾಳೆ.

"ಇಟ್ಕೋ ಅಕ್ಕ. ಎಲ್ಲರೂ ಇಟ್ಕೊಂಡಿದ್ದಾರೆ."

"ಅವರೆಲ್ಲ ಮುಗಿಸಿದ್ರು ಕಣೋ."

ಇದನ್ನು ಅವಳು ಅಳುತ್ತಾ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಮಾರ್ಕ್ಸ್ ಓದಿ ಹೇಳುವ ಹಾಗೆ ಹೇಳಿದಳು.

ಜುಲೈ 1, ಭಾನುವಾರ, ಬೆಳಿಗ್ಗೆ 10:20

ಇವತ್ತು ಹೇಳುತ್ತೇನೆ. ಸ್ನಾನಕ್ಕೆ ಹೋಗುವ ಮುಂಚೆ "ನಿನ್ನ ಹತ್ರ ಒಂದು ಮಾತಿದೆ" ಅಂತ ಹೇಳಿಯೂ ಆಯಿತು. ಇನ್ನು ಹಿಂದೆ ಸರಿಯೋಕಾಗಲ್ಲ. ಅವಳಿಗೆ ಸ್ನಾನಕ್ಕೆ ಇಪ್ಪತ್ತು ನಿಮಿಷ ಬೇಕು. ಈಗ ಈ ಲೆಕ್ಕವೆಲ್ಲ ನನಗೆ ಬಾಯಿಪಾಠ.

ಮೊದಲು ಇಲ್ಲಿ ಬರೆದು ನೋಡುತ್ತೇನೆ.

"ಅಕ್ಕ, ಪಂಜು ಮೊದಲು ಹನ್ನೆರಡು ನಿಮಿಷ ಉರೀತಿತ್ತು." — ಬೇಡ. ವರದಿ ಓದಿದ ಹಾಗಿದೆ.

"ಅಕ್ಕ, ನೀನು ಸೋತಿಲ್ಲ." — ಸಿನಿಮಾ ಡೈಲಾಗ್. ಕೋಲು ಎತ್ತುತ್ತಾಳೆ.

ಕಷ್ಟ ಇರೋದು ಮೊದಲ ಮಾತಲ್ಲಿ ಅಲ್ಲ. ಗ್ಯಾಸ್ ಯಾಕೆ ಕಡಿಮೆ ಮಾಡಿದೆ ಅಂತ ಕೇಳುತ್ತಾಳೆ. ಅದಕ್ಕೆ ಉತ್ತರ ಒಂದೇ. ಅದನ್ನು ಕೇಳಿದ ಮೇಲೆ ನಿಧಾನ ಮಾಡಿದೆ ಅನ್ನುವ ನೋವು ಹೋಗುತ್ತೆ, ತಮ್ಮನೇ ತನ್ನನ್ನು ಪಾಪ ಅಂದುಕೊಂಡ ಅನ್ನುವ ನೋವು ಬರುತ್ತೆ. ಯಾವುದು ಹೆಚ್ಚು ಭಾರ? ಇದಕ್ಕೆ ನನ್ನ ಹತ್ತಿರ ತಕ್ಕಡಿ ಇಲ್ಲ. ಆದರೆ ಆ ಕಾಗದ ಅವಳ ಹೆಸರಿನಲ್ಲಿ ಹೋಗಬಾರದು. ವರದಿಯನ್ನೂ ವಾಪಸ್ ತಗೋಬೇಕು. ನಾಳೆ. ಡೈರೆಕ್ಟರು ಏನಾದರೂ ಅನ್ನಲಿ.

ನೀರಿನ ಸದ್ದು ನಿಂತಿತು.

ಬಾಗಿಲು.

ಕೋಲು, ಎಡಗಾಲು, ನಿಲ್ಲು. ಬರುತ್ತಿದ್ದಾಳೆ. "ಏನೋ ಮಾತಿದೆ ಅಂದ್ಯಲ್ಲ, ಬಂದೆ ಇರು" ಅನ್ನುತ್ತಿದ್ದಾಳೆ. ಇನ್ನೊಂದು ಸಲ, ಬೇಗ —

ಅಕ್ಕ, ನೀನು ತಡ ಮಾಡಲಿಲ್ಲ. ಉರಿ ಕಡಿಮೆ ಮಾಡಿದ್ದು ನಾನು. ನಿನ್ನ ಕೈ